ಊಟದ ಮೇಜಿನ ಮೇಲೆ ಎರಡು ಪ್ರೀಆಂಪ್

ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಯಾರಾದರೂ ಮನೆಯವರನ್ನು ಕೇಳದೆ ದೊಡ್ಡ ಸಾಮಾನು ಕೊಂಡು ತಂದರೆ ಅದನ್ನು ಊಟದ ಮೇಜಿನ ನಡುಮಧ್ಯೆ ಇಡಬೇಕು. ತಂದವರು ಎಲ್ಲರ ಮುಂದೆ ಇಂಥ ಕಾರಣಕ್ಕೆ ತಂದೆ ಎಂದು ಬಾಯಿಬಿಟ್ಟು ಹೇಳುವ ತನಕ ಅದು ಅಲ್ಲಿಂದ ಕದಲಬಾರದು. ನೀರಿನ ಜಗ್ಗಿಗೆ ಜಾಗ ಸಾಲದಿದ್ದರೆ ಜಗ್ಗು ನೆಲಕ್ಕೆ ಹೋಗಬೇಕೇ ಹೊರತು ಆ ಸಾಮಾನಲ್ಲ. ಕಾರಣ ಹೇಳಿದ ಮೇಲೆ ಒಬ್ಬೊಬ್ಬರೂ ತಮ್ಮ ಮಾತು ಹೇಳುವುದು, ಆಮೇಲೆ ಇಟ್ಟುಕೊಳ್ಳುವುದೋ ಹಿಂದಕ್ಕೆ ಕೊಡುವುದೋ ತೀರ್ಮಾನ. ಈ ಕ್ರಮ ಮಾಡಿದವರು ಇವರೇ, ನನ್ನ ಯಜಮಾನರು.

ನಾನು ತಂದ ಪರದೆ ಬಟ್ಟೆ ಒಂದೇ ಊಟಕ್ಕೆ ಮುಗಿಯಿತು. ಸೊಸೆಯ ಇಸ್ತ್ರಿಪೆಟ್ಟಿಗೆ ಎರಡು ದಿನ ಕೂತಿತು. ಎಲ್ಲಕ್ಕಿಂತ ಹೆಚ್ಚು ದಿನ ಕೂತದ್ದು ಮಗನ ಗಡ್ಡ ಹೆರೆಯುವ ಸೆಟ್ಟು. ಆಗ ಅವನಿಗೆ ಹದಿನಾರು ವರ್ಷ. ರಜೆಯಲ್ಲಿ ಮುದ್ರಣಾಲಯವೊಂದರಲ್ಲಿ ಕೆಲಸಕ್ಕೆ ಹೋಗಿ, ಮೊದಲ ಸಂಬಳದಲ್ಲಿ ಅದನ್ನು ಕೊಂಡುತಂದ.

"ಯಾಕೆ ತಂದೆ?" ಎಂದು ಇವರು ಕೇಳಿದರು.

"ಬೇಕು ಅನ್ನಿಸ್ತು."

"ಅದು ಕಾರಣ ಅಲ್ಲ."

ಹತ್ತೊಂಬತ್ತು ದಿನ ಹುಡುಗ ತುಟಿ ಬಿಚ್ಚಲಿಲ್ಲ. ಅಡುಗೆಮನೆಯಲ್ಲಿ ನಿಂತೇ ಊಟ ಮಾಡುತ್ತಿದ್ದ. ಕೊನೆಗೆ ನನ್ನ ತಂಗಿ ಬಂದವಳು, "ಇದೇನಕ್ಕಾ, ತಟ್ಟೆ ಪಕ್ಕ ಬ್ಲೇಡು?" ಎಂದು ನಕ್ಕಾಗ, "ಕೆಲಸದಲ್ಲಿ ಎಲ್ಲರೂ ನನ್ನ ಮೀಸೆ ನೋಡಿ ಬೆಕ್ಕಿನ ಮರಿ ಅಂತಾರೆ, ಅದಕ್ಕೇ ತಂದೆ, ಸಾಕಾ?" ಎಂದು ಕೂಗಿ ಅತ್ತುಬಿಟ್ಟ. ಇವರು, "ಇದನ್ನ ಮೊದಲನೇ ದಿನವೇ ಹೇಳಬಹುದಿತ್ತಲ್ಲ" ಎಂದರು. ನಾನು ಏನೂ ಹೇಳಲಿಲ್ಲ, ಬಡಿಸುತ್ತಿದ್ದೆ.

ಇವರದು ಪುಸ್ತಕ ಕಟ್ಟುವ ಕೆಲಸ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆಯ ಚೌಕಟ್ಟು, ಅಂಟಿನ ಬೋಗುಣಿ, ಹಾಳೆ ಒತ್ತುವ ಕಬ್ಬಿಣದ ಪ್ರೆಸ್ಸು. ನಲವತ್ತೆರಡು ವರ್ಷದಿಂದ ಎಷ್ಟು ಪುಸ್ತಕ ಕಟ್ಟಿದ್ದಾರೋ ಲೆಕ್ಕವಿಲ್ಲ. ಆದರೆ ಇವರಿಗೆ ಓದು ಬರುತ್ತದೆ ಎಂದರೆ ತಪ್ಪು, ಬರುವುದಿಲ್ಲ ಎಂದರೂ ತಪ್ಪು. ಅಂಕಿ ಚೆನ್ನಾಗಿ ಗೊತ್ತು. ಅಕ್ಷರಗಳೂ ಒಂದೊಂದಾಗಿ ಗೊತ್ತು. ಮೂರನೆಯದನ್ನು ಕೂಡಿಸುವ ಹೊತ್ತಿಗೆ ಮೊದಲನೆಯದು ಕೈಜಾರಿ ಹೋಗಿರುತ್ತದೆ. ಹಾಳೆಗಳನ್ನು ಪುಟದ ಅಂಕಿ ನೋಡಿ ಜೋಡಿಸುತ್ತಾರೆ. ಪುಸ್ತಕದ ಬೆನ್ನಿಗೆ ಹೆಸರು ಒತ್ತುವಾಗ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಕಸೂತಿಯ ನಮೂನೆ ನೋಡಿ ಹೊಲಿಯುವವರ ಹಾಗೆ, ಆಕಾರ ನೋಡಿ ನೋಡಿ ಅಚ್ಚಿನ ಮೊಳೆ ಜೋಡಿಸುತ್ತಾರೆ. ಒಂದು ತಪ್ಪೂ ಆಗುವುದಿಲ್ಲ.

ಇದು ಗೊತ್ತಿದ್ದವಳು ನಾನೊಬ್ಬಳೇ. ನಾನು ಓದಿದ್ದು ನಾಲ್ಕನೇ ತರಗತಿ, ಆದರೂ ಕಾಗದ ಪತ್ರಕ್ಕೆ ಸಾಕು. ಯಾರಾದರೂ ಓದಿ ಎಂದು ಏನಾದರೂ ಕೊಟ್ಟರೆ, "ಇವರ ಕನ್ನಡಕ ಒಳಗಿದೆ, ಇತ್ತ ಕೊಡಿ" ಎಂದು ನಾನೇ ಕೈಚಾಚುತ್ತಿದ್ದೆ. ಮಗನ ಪಾಠ ನೋಡಿಕೊಳ್ಳುವಾಗ ಇವರು ಗೋಡೆಗೆ ಒರಗಿ ಕಣ್ಣು ಮುಚ್ಚಿ, "ಜೋರಾಗಿ ಓದು. ನಿಲ್ಲಬೇಡ" ಎನ್ನುತ್ತಿದ್ದರು. ಅವನು ತಡವರಿಸಿದರೆ ಬೆರಳಿನಿಂದ ಮೇಜು ಕುಟ್ಟುತ್ತಿದ್ದರು. ಅಪ್ಪ ಅಷ್ಟು ಪುಸ್ತಕವನ್ನೂ ಓದಿದವರು ಎಂದೇ ಮಗ ತಿಳಿದಿದ್ದ. ಆಮೇಲೆ ಸೊಸೆಯೂ ತಿಳಿದಳು, ಮೊಮ್ಮಗಳೂ ತಿಳಿದಳು. ಯಾವುದಾದರೂ ಪುಸ್ತಕದ ಮಾತು ಬಂದರೆ ಇವರು, "ಅದು ನನ್ನ ಕೈಮೇಲೆ ಹೋಗಿದೆ" ಎನ್ನುತ್ತಿದ್ದರು. ಸುಳ್ಳಂತೂ ಅಲ್ಲ.

ಹೋದ ವರ್ಷ ನಮ್ಮ ಬಚ್ಚಲುಮನೆಯಲ್ಲಿ ನಾನು ಜಾರಿ ಬಿದ್ದೆ. ನೆಲ ಹಳೆಯದು, ಸವೆದು ಸವೆದು ಕನ್ನಡಿಯಾಗಿತ್ತು. ಮಗ ಬೇಕರಿಯೊಂದರ ವ್ಯಾನು ಓಡಿಸುತ್ತಾನೆ, ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಇಬ್ಬರೂ ಸೇರಿ ಹಣ ಹೊಂದಿಸಿ, ಒರಟು ಟೈಲ್ಸು ಹಾಕಿಸೋಣ ಎಂದರು. ಟೈಲ್ಸಿನವನ ಕೈಗೆ ಕೊಟ್ಟು ಬನ್ನಿ ಎಂದು ಆ ಹಣವನ್ನು ಇವರ ಕೈಗೆ ಕೊಟ್ಟರು.

ಅವತ್ತು ನಡೆದದ್ದನ್ನು ಇವರು ನನಗೆ ಹೇಳಿದ್ದು ಬಹಳ ದಿನದ ಮೇಲೆ.

ವಕೀಲರೊಬ್ಬರಿಗಾಗಿ ಕಟ್ಟಿದ್ದ ಆರು ದಪ್ಪ ಪುಸ್ತಕಗಳನ್ನು ಎದೆಗವಚಿಕೊಂಡು ಇವರು ಹೊರಟಿದ್ದರು. ಬಿಸಿಲು ಚುರುಕಾಗಿತ್ತು. ಹಾಡು ಕೇಳುವ ಯಂತ್ರಗಳನ್ನು ಮಾರುವ ಅಂಗಡಿಯ ನೆರಳಿನಲ್ಲಿ ಒಂದು ನಿಮಿಷ ನಿಂತರು. ಒಳಗಿನಿಂದ ಅಂಗಡಿಯವರು ಕೈಮಾಡಿ ಕರೆದರು.

"ಬನ್ನಿ ಮೇಷ್ಟ್ರೇ. ಹೊರಗೆ ಯಾಕೆ ನಿಂತ್ರಿ?"

ಪುಸ್ತಕಗಳನ್ನು ನೋಡಿ ಮೇಷ್ಟ್ರು ಎಂದುಕೊಂಡರು. ಇವರು ಅಲ್ಲ ಎನ್ನಲಿಲ್ಲ. ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಮನೆಯಲ್ಲಿ ಯಾವ ಸಿಸ್ಟಮ್ ಇದೆ ಎಂದು ಕೇಳಿದರು.

"ಹಳೇದು ಒಂದಿದೆ" ಎಂದರು ಇವರು.

ನಮ್ಮ ಮನೆಯಲ್ಲಿದ್ದದ್ದು ಅಡುಗೆಮನೆಯ ರೇಡಿಯೋ. ತಲೆಯ ಮೇಲೆ ಎರಡು ಬಿಟ್ಟರೆ ಮಾತಾಡುವಂಥದ್ದು.

"ಹಾಗಾದ್ರೆ ನಿಮಗೆ ಬೇಕಾಗಿರೋದು ಒಳ್ಳೇ ಪ್ರೀಆಂಪ್. ಈ ವಾಲ್ವಿನದನ್ನ ಕೇಳಿ. ಎಲ್ಲರಿಗೂ ಇದರ ದನಿ ತಿಳಿಯಲ್ಲ ಮೇಷ್ಟ್ರೇ, ನಿಮ್ಮಂಥ ಓದಿದವರಿಗೇ ತಿಳಿಯೋದು. ಹೇಗನ್ನಿಸುತ್ತೆ?"

ನಲವತ್ತೆರಡು ವರ್ಷದಲ್ಲಿ ಇವರನ್ನು ಯಾರೂ ಅಭಿಪ್ರಾಯ ಕೇಳಿರಲಿಲ್ಲ. ಯಾವಾಗ ಕೊಡ್ತೀರಿ ಎಂದು ಕೇಳುತ್ತಿದ್ದರು, ಅಷ್ಟೇ. ಇವರು ಕಣ್ಣು ಮುಚ್ಚಿ ಕೇಳಿ, "ಚೆನ್ನಾಗಿದೆ. ಬೆಚ್ಚಗಿದೆ" ಎಂದರಂತೆ. ಅಂಗಡಿಯವರು ತೊಡೆ ತಟ್ಟಿಕೊಂಡು, "ನೋಡಿ, ಅದೇ ಮಾತು! ಬೆಚ್ಚಗಿದೆ!" ಎಂದರಂತೆ.

"ಆ ಕುರ್ಚಿಯಿಂದ ಏಳೋಕೆ ನನಗೆ ದಾರಿ ಕಾಣಲಿಲ್ಲ ಕಣೇ" ಎಂದು ನನಗೆ ಹೇಳುವಾಗ ಇವರು ಗೋಡೆ ನೋಡುತ್ತಿದ್ದರು.

ಅಂಗಡಿಯವರು ಬಿಲ್ಲು ಬರೆದು, "ಒಂದ್ಸಲ ಓದಿ ಸಹಿ ಹಾಕಿ" ಎಂದರು. ಇವರು ಮೇಲಿನಿಂದ ಕೆಳಗೆ ಕಣ್ಣಾಡಿಸಿದ ಹಾಗೆ ಮಾಡಿ, ಅಲ್ಲೊಂದು ಕಡೆ ತಲೆಯಾಡಿಸಿ, ಸಹಿ ಹಾಕಿದರು. ಸಹಿ ಮಾತ್ರ ಬಲು ಚೆಂದ ಹಾಕುತ್ತಾರೆ.

ಅವತ್ತು ಸಂಜೆ ನಾನು ಆಲೂಗಡ್ಡೆ ಸುಲಿಯುತ್ತ ಕೇಳಿದೆ, "ಟೈಲ್ಸಿನವನು ಸಿಕ್ಕಿದ್ನಾ?"

"ಅವನಿಗೆ ಬೇರೆ ಕಡೆ ಕೆಲಸ ಇದೆಯಂತೆ. ಮುಂದಿನ ವಾರ ಬರ್ತಾನೆ."

"ಹಣ ಕೊಟ್ರಾ?"

"ಕೊಡದೆ ಇಟ್ಕೊಂಡು ಏನ್ ಮಾಡ್ಲಿ?"

ಹಾಗೆ ಸಿಡುಕುವವರಲ್ಲ. ಬಿಸಿಲಿಗೆ ತಲೆನೋವೇನೋ ಎಂದು ಸುಮ್ಮನಾದೆ.

ಒಂದು ವಾರವಾದ ಮೇಲೆ ಇವರು, ಟೈಲ್ಸಿನ ಹಣದಲ್ಲಿ ಕೊಂಡು ಬಚ್ಚಿಟ್ಟಿದ್ದ ಆ ಪೆಟ್ಟಿಗೆಯನ್ನು ಹಿಂದಕ್ಕೆ ಕೊಡಲು ಹೋದರು. ಅಂಗಡಿಯವರು ಎದ್ದು ನಿಂತು ಬರಮಾಡಿಕೊಂಡರು.

"ಯಾಕೆ ಮೇಷ್ಟ್ರೇ, ಒಗ್ಗಲಿಲ್ವಾ? ದನಿ ಸ್ವಲ್ಪ ದಪ್ಪ ಆಯ್ತಾ?"

"ಹ್ಞೂಂ, ದಪ್ಪ ಆಯ್ತು."

"ನನಗೆ ಗೊತ್ತಿತ್ತು. ನಿಮ್ಮ ಕಿವಿ ಬಹಳ ಸೂಕ್ಷ್ಮ. ಒಂದು ಕೆಲಸ ಮಾಡಿ. ಈ ಟ್ರಾನ್ಸಿಸ್ಟರಿನದು ಇದೆಯಲ್ಲ, ಬೆಲೆಯೂ ಕಮ್ಮಿ, ದನಿ ಚೊಕ್ಕ. ಇದನ್ನೂ ಮನೆಗೆ ತಗೊಂಡು ಹೋಗಿ. ಎರಡನ್ನೂ ಹಾಕಿ ನಿಧಾನವಾಗಿ ಕೇಳಿ, ಒಂದನ್ನ ವಾಪಸ್ ತನ್ನಿ. ನಿಮ್ಮ ಮೇಲೆ ನಂಬಿಕೆ ಇದೆ, ಇದಕ್ಕೆ ಈಗ ಹಣ ಬೇಡ."

ಒಂದು ಕೊಟ್ಟು ಬರಲು ಹೋದವರು ಎರಡು ಹೊತ್ತುಕೊಂಡು ಬಂದರು.

ಸಿಕ್ಕಿಬಿದ್ದದ್ದು ಮೊಮ್ಮಗಳ ಕೈಯಲ್ಲಿ. ಹದಿನೈದು ವರ್ಷದವಳು, ಮಾತು ನಿಲ್ಲಿಸುವುದಿಲ್ಲವೆಂದು ಎಲ್ಲರೂ ಗಿಣಿ ಎಂದು ಕರೆಯುತ್ತೇವೆ. ಶಾಲೆಯ ಕೆಲಸಕ್ಕೆ ರಟ್ಟು ಹುಡುಕುತ್ತ ತಾತನ ಬೀರು ತೆರೆದಳು.

"ಅಜ್ಜೀ, ತಾತನ ಬಟ್ಟೆ ಸುರುಳಿ ಕೆಳಗೆ ಎರಡು ಮಿಷಿನ್ ಇವೆ!"

"ಯಾವ ಮಿಷಿನ್ನೇ?"

"ಒಂದು ಕರೀದು, ಒಂದು ಬೆಳ್ಳಗಿದೆ. ತಾತ ಬಾಂಬ್ ಮಾಡ್ತಿದ್ದಾರಾ?"

ಮಗ ಅದೇ ಆಗ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಕೈ ಒರೆಸಿಕೊಳ್ಳುತ್ತ ಮುಂದಿನ ಕೋಣೆಗೆ ಹೋದ. ಆಮೇಲೆ ಎರಡು ಪೆಟ್ಟಿಗೆಗಳನ್ನೂ ಒಂದೊಂದಾಗಿ ತಂದು ಊಟದ ಮೇಜಿನ ನಡುವೆ ಇಟ್ಟ. ಬ್ರೆಡ್ಡಿನ ಬುಟ್ಟಿ ಎತ್ತಿ ನನ್ನ ಕೈಗೆ ಕೊಟ್ಟ. ಇವರು ಬಾಗಿಲಲ್ಲಿ ನಿಂತಿದ್ದರು.

"ಕೂತ್ಕೊಳ್ಳಿ ಅಪ್ಪ, ಊಟ ಮಾಡೋಣ" ಎಂದ ಮಗ. "ಯಾಕೆ ತಂದ್ರಿ?"

"ಬೇಕು ಅನ್ನಿಸ್ತು."

"ಅದು ಕಾರಣ ಅಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸೊಸೆ ಮಧ್ಯೆ ಬಾಯಿ ಹಾಕಿದಳು. "ಇರಲಿ ಬಿಡಿ. ಮಾವ, ಇದು ಏನು ಮಾಡುತ್ತೆ?"

"ದನಿ."

"ಎರಡು ಯಾಕೆ?"

"ಒಂದನ್ನ ಆರಿಸ್ಬೇಕು. ಅದು ಬೆಚ್ಚಗಿನ ದನಿ, ಇದು ಚೊಕ್ಕ ದನಿ." ಅಂಗಡಿಯವರ ಮಾತನ್ನು ಹಾಗೆಯೇ ಒಪ್ಪಿಸಿದರು.

"ಹಾಗಾದ್ರೆ ಕೇಳೇಬಿಡೋಣ" ಎಂದು ಗಿಣಿ ಕರಿಯದರ ತಂತಿಯನ್ನು ಗೋಡೆಗೆ ಚುಚ್ಚಿದಳು. ಒಳಗೆ ಎರಡು ಗಾಜಿನ ಬುಡ್ಡಿ ಕೆಂಡದ ಹಾಗೆ ಹೊತ್ತಿಕೊಂಡವು. ಸದ್ದು ಬರಲಿಲ್ಲ. ಗುಂಡಿಗಳನ್ನು ಅತ್ತ ಇತ್ತ ತಿರುಗಿಸಿದಳು. ಬರಲಿಲ್ಲ.

"ಬಿಸಿ ಆಗ್ಬೇಕು, ತಾಳು" ಎಂದರು ಇವರು.

ತಾಳಿದೆವು. ಐದು ಜನ ಆ ಪೆಟ್ಟಿಗೆಯನ್ನೇ ನೋಡುತ್ತ ಕೂತೆವು. ಮೊಟ್ಟೆಯ ಪಲ್ಯ ಆರಿತು. ಸೊಸೆ ಒಮ್ಮೆ ಬಗ್ಗಿ ಕಿವಿ ಹಚ್ಚಿ ನೋಡಿದಳು. ಗಿಣಿ ಮೊಬೈಲು ತೆಗೆದು ಏನೋ ಹುಡುಕಿ, ನಗು ತಡೆದುಕೊಂಡು ಹೇಳಿದಳು, "ತಾತ, ಇದು ಬೆಳಿಗ್ಗೆ ತನಕ ಕಾಯಿಸಿದ್ರೂ ಹಾಡಲ್ಲ. ಇದಕ್ಕೆ ಹಾಡು ಕೊಡೋಕೆ ಒಂದು ಮಿಷಿನ್ ಬೇಕು, ಆಮೇಲೆ ಆಂಪ್ಲಿಫೈಯರ್ ಬೇಕು, ಸ್ಪೀಕರ್ ಬೇಕು. ಇದು ಮಧ್ಯದಲ್ಲಿ ಕೂತ್ಕೊಳ್ಳೋದು."

ಆಗಲೇ ಇವರು ನನಗೂ ಗೊತ್ತಿರಲಿಲ್ಲ ಎಂದಿದ್ದರೆ ಎಲ್ಲರೂ ನಕ್ಕು ಮುಗಿದುಹೋಗುತ್ತಿತ್ತು.

"ನನಗೆ ಗೊತ್ತಿಲ್ವಾ?" ಎಂದರು.

ಮಗ ಚಮಚ ಕೆಳಗಿಟ್ಟ. "ಗೊತ್ತಿದ್ದೂ ತಂದ್ರಾ? ಅಂದ್ರೆ ಇನ್ನೂ ಬರೋದಿದೆಯಾ? ಆಂಪ್ಲಿಫೈಯರು, ಸ್ಪೀಕರು, ಎಲ್ಲಾ?"

"ಬಂದ್ರೆ ಬರುತ್ತೆ."

"ಎಲ್ಲಿಂದ ಬರುತ್ತೆ? ಇದಕ್ಕೆ ಹಣ ಎಲ್ಲಿಂದ ಬಂತು?"

ಇವರು ಎದ್ದು ಹೋಗಿ ಪ್ರೆಸ್ಸಿನ ಹಿಡಿಕೆ ತಿರುಗಿಸುತ್ತ ನಿಂತರು. ಪ್ರೆಸ್ಸಿನೊಳಗೆ ಪುಸ್ತಕವೇ ಇರಲಿಲ್ಲ.

ಅಂದಿನಿಂದ ನಾವು ಆ ಎರಡು ಪೆಟ್ಟಿಗೆಗಳ ಸುತ್ತ ಕೂತು ಊಟ ಮಾಡಿದೆವು. ಬೆಳಗಿನ ಚಹದ ಲೋಟ ಅವುಗಳ ಆಚೆ, ಬ್ರೆಡ್ಡು ಈಚೆ. ಮೊದಮೊದಲು ಸೊಸೆಯೂ ಗಿಣಿಯೂ ಸುಮ್ಮನೆ ತಮಾಷೆಗೆ ಪಂದ್ಯ ಕಟ್ಟಿದರು.

"ನನ್ನ ಓಟು ಬೆಳ್ಳಗಿನದಕ್ಕೆ" ಎಂದಳು ಸೊಸೆ. "ಒರೆಸೋಕೆ ಸುಲಭ. ಕರೀದರ ಮೇಲೆ ಧೂಳು ಎದ್ದು ಕಾಣುತ್ತೆ."

"ಅಮ್ಮ, ದನಿ ಮಿಷಿನ್ನ ಧೂಳು ನೋಡಿ ಆರಿಸ್ತಾರಾ? ನನಗೆ ಕರೀದೇ. ದೀಪ ಉರಿಯುತ್ತೆ. ಮೇಲೆ ಬ್ರೆಡ್ ಇಟ್ರೆ ಬಿಸಿಯಾಗಿಯೂ ಇರುತ್ತೆ."

"ನಿಮ್ಮ ಓಟು ಯಾವುದಕ್ಕೆ ಅತ್ತೆ?"

"ನನಗೆ ಬಚ್ಚಲುಮನೆಗೆ" ಎಂದೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ಅಲ್ಲೇ ಕೂತಿದ್ದರು.

ಒಂಬತ್ತನೆಯ ದಿನ ಮಗನಿಗೆ ದಾರಿಯಲ್ಲಿ ಟೈಲ್ಸಿನವನು ಸಿಕ್ಕಿದ. ಮಗ ಊಟಕ್ಕೆ ಕೂತವನು ತಟ್ಟೆ ಮುಟ್ಟದೆ ಹೇಳಿದ, "ಅಪ್ಪ ತನ್ನ ಹತ್ರ ಬಂದೇ ಇಲ್ಲವಂತೆ. ಅಮ್ಮನ ನೆಲ ಇಲ್ಲಿ ಮೇಜಿನ ಮೇಲೆ ಕೂತಿದೆ, ನೋಡ್ಕೊಳ್ಳಿ ಎಲ್ಲರೂ."

ಇವರ ಕೈಯಲ್ಲಿದ್ದ ಬ್ರೆಡ್ಡಿನ ಚೂರು ಸಾರಿನಲ್ಲಿ ನೆನೆದು ಮುರಿದು ಬಿತ್ತು.

"ಒಂದು ಮಾತು ಹೇಳಿ ಅಪ್ಪ. ಬೈಯಲ್ಲ ನಾನು. ಯಾಕೆ ಅಂತ ಒಂದೇ ಒಂದು ಮಾತು. ಹಾಡು ಕೇಳೋ ಆಸೆ ಇತ್ತಾ? ಇತ್ತು ಅನ್ನಿ, ಸಾಕು."

"ನನ್ನ ದುಡಿಮೆ ಈ ಮನೇಲಿ ಇಲ್ವೇನೋ?"

"ಅದನ್ನ ನಾನು ಕೇಳಲಿಲ್ಲ."

ಮರುದಿನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ನಾನು ಮುಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡೆ. ಆಗ ಇವರು ಕುರ್ಚಿಯ ಕಥೆ, ಮೇಷ್ಟ್ರ ಕಥೆ ಎಲ್ಲಾ ಹೇಳಿದರು. ಕೈಯಲ್ಲಿ ದಾರಕ್ಕೆ ಮೇಣ ಹಚ್ಚುತ್ತಲೇ ಇದ್ದರು, ಒಂದೇ ದಾರಕ್ಕೆ ಮತ್ತೆ ಮತ್ತೆ.

"ಇದನ್ನೇ ಅವರಿಗೂ ಹೇಳಿಬಿಡಿ ರೀ."

"ಏನಂತ ಹೇಳ್ಲಿ? ಮೇಷ್ಟ್ರು ಅಂದ್ರು, ಅದಕ್ಕೆ ಬಿದ್ದೆ ಅಂತಾನಾ? ಯಾಕೆ ಬಿದ್ದಿ ಅಂತಾರೆ. ಬಿಲ್ ಓದಲಿಲ್ವಾ ಅಂತಾರೆ. ಅಲ್ಲಿಂದ ಎಲ್ಲಿಗೆ ಹೋಗುತ್ತೆ ಮಾತು, ನಿನಗೆ ಗೊತ್ತಿಲ್ವಾ?"

"ಬಿಲ್ಲಿನಲ್ಲಿ ಏನಿದೆ? ಇತ್ತ ಕೊಡಿ, ನೋಡ್ತೀನಿ."

"ಎಲ್ಲೋ ಇದೆ, ಹುಡುಕ್ಬೇಕು." ಕಣ್ಣು ತಪ್ಪಿಸಿದರು. ನನಗೂ ತೋರಿಸಲು ನಾಚಿಕೆ. "ನೀನೇ ಏನಾದ್ರೂ ಹೇಳಿ ಮುಗಿಸು" ಎಂದರು.

"ನಲವತ್ತು ವರ್ಷ ನಾನೇ ಮುಗಿಸಿದ್ದೀನಿ. ಈಗ ಆಗಲ್ಲ. ನಾನಾಗಿ ಹೇಳೋದೂ ಇಲ್ಲ. ಬಂದ್ರೆ ನಿಮ್ಮ ಬಾಯಲ್ಲೇ ಬರ್ಲಿ."

ಎಂದು ಖಡಾಖಂಡಿತವಾಗಿ ಹೇಳಿ ಬಂದುಬಿಟ್ಟೆ. ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತ ಕೂತಾಗ ಮಾತ್ರ ನನಗೇ ನನ್ನ ಮೇಲೆ ಹೇಸಿಗೆಯಾಯಿತು. ಗಡ್ಡದ ಸೆಟ್ಟಿನ ಹತ್ತೊಂಬತ್ತು ದಿನ ಆ ಹುಡುಗನ ಪರವಾಗಿ ಒಂದು ಮಾತಾಡದವಳು, ಈಗ ಇವರ ಮೇಲೆ ಧೈರ್ಯ ತೋರಿಸುತ್ತಿದ್ದೆ.

ಅದಾಗಿ ಮೂರು ದಿನಕ್ಕೆ ಬಚ್ಚಲುಮನೆಯಲ್ಲಿ ಮತ್ತೆ ಜಾರಿದೆ. ದೊಡ್ಡದೇನಲ್ಲ. ಬಕೆಟ್ಟು ಹಿಡಿದುಕೊಳ್ಳಲು ಹೋಗಿ ಬಲ ಮೊಣಕೈ ಗೋಡೆಗೆ ಬಡಿದು ಬದನೆಕಾಯಿಯಷ್ಟು ಊದಿತು. ಸೊಸೆ ಅಂಗಡಿಯಿಂದ ಪಟ್ಟಿ, ಮುಲಾಮು ತಂದು ಕಟ್ಟಿದಳು. ಮಗ ವ್ಯಾನು ರಸ್ತೆಯಲ್ಲೇ ನಿಲ್ಲಿಸಿ ಓಡಿಬಂದ. ಇವರು ನನ್ನ ಒದ್ದೆ ಸೀರೆ ಹಿಂಡಿ ಒಣಹಾಕಿದರು, ಬಚ್ಚಲುಮನೆಯ ನೆಲವನ್ನು ಕೂತುಕೊಂಡು ಇಟ್ಟಿಗೆ ಚೂರಿನಿಂದ ಉಜ್ಜಿದರು, ಒರಟಾಗಲಿ ಎಂದು. ಮಧ್ಯಾಹ್ನದ ತನಕ ಉಜ್ಜಿದರು. ಆ ಸದ್ದು ಕೇಳುತ್ತ ಮಲಗಿರುವುದಕ್ಕಿಂತ ಇನ್ನೊಂದು ಸಲ ಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಮೇಜಿಗೆ ಪೆಟ್ಟಿಗೆ ಬಂದು ಹದಿನೇಳನೆಯ ದಿನ ಭಾನುವಾರ. ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಎಡಗೈಯಲ್ಲಿ ಅಡುಗೆ ಮಾಡಲಾಗದೆ ನಾನು ಕೂತಿದ್ದೆ, ಸೊಸೆ ಬಡಿಸಿದಳು.

"ಇನ್ನೆರಡು ದಿನ ಆದ್ರೆ ಅಪ್ಪನ ಗಡ್ಡದ ಸೆಟ್ಟಿನ ದಾಖಲೆ ಸಮ ಆಗುತ್ತೆ" ಎಂದಳು ಗಿಣಿ.

"ಆಟ ಸಾಕು" ಎಂದ ಮಗ. "ಎರಡನ್ನೂ ವಾಪಸ್ ಕೊಟ್ಟು ಬರ್ತೀನಿ ನಾಳೆ. ಬಿಲ್ ಎಲ್ಲಿದೆ ಅಪ್ಪ?"

ಇವರು ಜೇಬಿನಿಂದ ಎಂಟು ಮಡಿಕೆಯಾಗಿದ್ದ ಕಾಗದ ತೆಗೆದರು. ಹುಡುಕಬೇಕು ಎಂದಿದ್ದರು ನನಗೆ. ಅಷ್ಟೂ ದಿನ ಮೈಮೇಲೇ ಇತ್ತು.

"ವಾಪಸ್ ತಗೋತಾರಾ, ಏನು ಬರೆದಿದ್ದಾರೆ?" ಮಗ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. "ನನ್ನ ಕೈಯೆಲ್ಲ ಬೆಣ್ಣೆ. ನೀವೇ ಓದಿ."

"ಕೊಡು ತಾತ, ನಾನು ಓದ್ತೀನಿ" ಎಂದು ಗಿಣಿ ಕೈಚಾಚಿದಳು.

"ನೀನು ಸುಮ್ನಿರು" ಎಂದ ಮಗ. ಹದಿನೇಳು ದಿನದ ಸಿಟ್ಟು ಅದರಲ್ಲಿತ್ತು. "ತಂದವರೇ ಓದ್ಲಿ. ಎಲ್ಲರಿಗೂ ಕೇಳ್ಬೇಕು. ಜೋರಾಗಿ. ನಿಲ್ಲದೆ."

ಅವನಿಗೆ ಏನೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೇಳಿದ ಮಾತು ಬಾಯಿಗೆ ಬಂತು, ಅಂದ.

ಕನ್ನಡಕದ ಮಾತು ನನ್ನ ತುದಿನಾಲಿಗೆಯಲ್ಲೇ ಇತ್ತು. ಆ ಒಂದು ಗಳಿಗೆ ನಾನು ಕೈನೋವಿಗೆ ತಡಮಾಡಿದೆನೋ, ಬೇಕೆಂದೇ ತಡಮಾಡಿದೆನೋ, ಇವತ್ತಿಗೂ ನನಗೆ ತಿಳಿಯದು. ಕೊನೆಗೆ, "ಇವರ ಕನ್ನಡಕ..." ಎಂದು ಏಳಹೋದೆ.

"ನೀನು ಕೂತ್ಕೋ" ಎಂದರು ಇವರು.

ಕಾಗದ ಬಿಚ್ಚಿ ಮೇಜಿನ ಮೇಲೆ, ಎರಡು ಪೆಟ್ಟಿಗೆಗಳ ಮುಂದೆ, ಅಂಗೈಯಿಂದ ಸವರಿ ಹರವಿದರು. ಪುಸ್ತಕದ ಹಾಳೆ ಸರಿಮಾಡುವ ಹಾಗೆಯೇ. ಬೆರಳಿಟ್ಟರು.

"ಮಾ... ರಿ... ದ. ಮಾರಿದ. ಮಾ... ಲ... ನ್ನು."

ಮೊದಲಿಗೆ ಗಿಣಿ ತಾತ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. ಸೊಸೆ ಸೌಟು ಹಿಡಿದಲ್ಲೇ ಹಿಡಿದಿದ್ದಳು.

"ವಾ... ಪ... ವಾಪಸ್ಸು. ತೆ... ಗೆ... ದು..." ಬೆರಳು ಹಿಂದಕ್ಕೆ ಹೋಯಿತು. "ಮಾರಿದ ಮಾಲನ್ನು ವಾಪಸ್ಸು ತೆಗೆದು..."

"ಅಪ್ಪ" ಎಂದ ಮಗ. ಮುಖ ಬಿಳಿಚಿಕೊಂಡಿತ್ತು. "ಸಾಕು ಬಿಡಿ ಅಪ್ಪ."

"ಸಾಕು ಅಂದ್ರೆ ಹೇಗೆ? ಇನ್ನೂ ಎರಡು ಸಾಲಿದೆ."

ಮೂರು ಸಾಲನ್ನೂ ಓದಿದರು. ಮಾರಿದ ಮಾಲನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಮೂವತ್ತು ದಿನದೊಳಗೆ ಬದಲಿ ಮಾಲು ಪಡೆಯಬಹುದು. ಬೆಲೆಯ ವ್ಯತ್ಯಾಸ ಹಿಂದಿರುಗಿಸಲಾಗುವುದು. ಇಷ್ಟೇ ಇದ್ದದ್ದು. ಗಿಣಿ ಅರ್ಧ ನಿಮಿಷದಲ್ಲಿ ಓದಿ ಮುಗಿಸುತ್ತಿದ್ದಳು. ಸಾರಿನ ಮೇಲೆ ಕೆನೆಗಟ್ಟುವ ತನಕ ನಮ್ಮ ಮನೆಯಲ್ಲಿ ಯಾರೂ ಚಮಚ ಅಲ್ಲಾಡಿಸಲಿಲ್ಲ. ನಾನು ತಟ್ಟೆ ನೋಡುತ್ತ ಕೂತೆ. ಬೇರೆ ಯಾರ ಮುಖ ನೋಡಲೂ ನನಗೆ ಆಗಲಿಲ್ಲ.

"ನಾಳೆಗೆ ಮೂವತ್ತು ದಿನ" ಎಂದರು ಇವರು ಕಾಗದ ಮಡಿಸುತ್ತ. ಅಂಕಿ ಯಾವತ್ತೂ ತಪ್ಪಿದವರಲ್ಲ. "ಕಾರಣ ಕೇಳಿದೆಯಲ್ಲ. ಅಂಗಡಿಯವನು ನನ್ನ ಮೇಷ್ಟ್ರು ಅಂದ. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಇದು ಏನು ಅಂತ ಕೇಳೋಕೂ ಬರಲಿಲ್ಲ. ಅದಕ್ಕೇ ತಂದೆ. ಎರಡನೇದನ್ನೂ ಅದಕ್ಕೇ ತಂದೆ. ಈಗ ಒಬ್ಬೊಬ್ರೂ ಹೇಳಿ."

ಸೊಸೆ ಸೌಟನ್ನು ಪಾತ್ರೆಗೆ ಇಳಿಸಿದಳು.

ಗಿಣಿಯೇ ಕೊನೆಗೆ ಕೇಳಿದಳು, ಬಲು ಮೆಲ್ಲಗೆ. "ತಾತ, ಆ ಪುಸ್ತಕಗಳೆಲ್ಲ?"

"ಕಟ್ಟಿದ್ದೀನಿ ಮಗಳೇ. ಅಷ್ಟೇ."

ಮಗ ಎದ್ದು ಕೈ ತೊಳೆಯಲು ಹೋದ. ನಲ್ಲಿ ಬಹಳ ಹೊತ್ತು ಸುರಿಯಿತು. ತಿರುಗಿ ಬಂದವನು ಕೂರಲಿಲ್ಲ, ಇವರ ಕುರ್ಚಿಯ ಹಿಂದೆ ನಿಂತ.

"ನಾನು ತಡವರಿಸಿದಾಗೆಲ್ಲ ಮೇಜು ಕುಟ್ತಿದ್ರಿ."

"ಹ್ಞೂಂ."

"ಎಲ್ಲಿ ತಪ್ಪಿದೆ ಅಂತ ನಿಮಗೆ ಗೊತ್ತಾಗ್ತಿರಲಿಲ್ವಾ?"

"ನೀನು ನಿಂತದ್ದು ಗೊತ್ತಾಗ್ತಿತ್ತು. ತಪ್ಪಿದ್ದು ಗೊತ್ತಾಗ್ತಿರಲಿಲ್ಲ."

ಮಗ ಕೂತು ಆರಿದ ಸಾರನ್ನು ಹಾಗೆಯೇ ಕುಡಿದ. ಆಮೇಲೆ ನನ್ನ ಕಡೆ ನೋಡಿ, "ನಿನಗೆ ಗೊತ್ತಿತ್ತು" ಎಂದ. ಪ್ರಶ್ನೆಯಲ್ಲ. ನಾನು ತಲೆ ತಗ್ಗಿಸಿದೆ.

ಮರುದಿನ ಬೆಳಿಗ್ಗೆ ಮಗ ಒಂದು ಗಂಟೆ ರಜೆ ಕೇಳಿಕೊಂಡು ವ್ಯಾನು ತಂದ. ನಾನೂ ಬರುತ್ತೇನೆ ಎಂದೆ. ಯಾವುದನ್ನು ಇಟ್ಟುಕೊಳ್ಳುವುದು ಎಂಬ ಚರ್ಚೆಯೇ ಉಳಿದಿರಲಿಲ್ಲ. ಬೆಳ್ಳಗಿನದು ಅಗ್ಗ. ಅದನ್ನಿಟ್ಟುಕೊಂಡರೆ ಬರುವ ವ್ಯತ್ಯಾಸದಲ್ಲಿ ಬಚ್ಚಲುಮನೆಯಲ್ಲಿ ನಾನು ಕೂರುವ ಮೂಲೆಗಾದರೂ ಟೈಲ್ಸು ಬೀಳುತ್ತದೆ, ಉಳಿದದ್ದು ಆಮೇಲೆ. ಆದರೂ ಅಂಗಡಿಯವನು ನಂಬಿ ಕೊಟ್ಟದ್ದಲ್ಲವೇ, ಎರಡನ್ನೂ ಅವನ ಮುಂದಿಟ್ಟೇ ಲೆಕ್ಕ ಮುಗಿಸಬೇಕು ಎಂದು ಇವರು ಎರಡನ್ನೂ ವ್ಯಾನಿಗೆ ಹಾಕಿಸಿದರು.

ಅಂಗಡಿಯವರು ಒಳ್ಳೆಯವರೇ. ನನ್ನ ಕೈಪಟ್ಟಿ ನೋಡಿ ಆ ಮೆತ್ತನೆಯ ಕುರ್ಚಿಯನ್ನು ನನಗೇ ಕೊಟ್ಟರು.

"ಹಾಗಾದ್ರೆ ಚೊಕ್ಕ ದನಿಯೇ ಗೆದ್ದಿತು ಅನ್ನಿ, ಮೇಷ್ಟ್ರೇ! ಯಾವುದರಲ್ಲಿ ಹಾಕಿ ಕೇಳಿದ್ರಿ?"

ಮಗ ಉತ್ತರ ಹೇಳಲು ಬಾಯಿ ತೆರೆದ. ಇವರು ಅವನ ತೋಳು ಮುಟ್ಟಿದರು.

"ಯಾವುದರಲ್ಲೂ ಕೇಳಿಲ್ಲ. ಮನೇಲಿ ಇರೋದು ಒಂದು ರೇಡಿಯೋ. ಇದು ಏನು ಅಂತಾನೇ ನನಗೆ ಗೊತ್ತಿರಲಿಲ್ಲ. ನಾನು ಮೇಷ್ಟ್ರೂ ಅಲ್ಲ. ಪುಸ್ತಕ ಕಟ್ಟೋನು."

ಅಂಗಡಿಯವರು ಏನೋ ಹೇಳಹೋಗಿ ಕೆಮ್ಮಿದರು. ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಒಬ್ಬ ನಮ್ಮ ಕಡೆ ತಿರುಗಿ ನೋಡಿದ. ಅಂಗಡಿಯವರು ಬೇಗ ಬೇಗ ಲೆಕ್ಕ ಮಾಡಿ, ಹಣ ಎಣಿಸಿಟ್ಟು, ಹೊಸ ಬಿಲ್ಲು ಬರೆದು ಮುಂದೆ ಸರಿಸಿದರು. "ಇಲ್ಲೊಂದು ಸಹಿ ಹಾಕಿಬಿಡಿ. ಓದೋದೇನೂ ಇಲ್ಲ, ಹಳೇದೇ. ನಾನೇ ಹೇಳ್ತೀನಿ ಅದರಲ್ಲಿ ಏನಿದೆ ಅಂತ."

"ಬೇಡ" ಎಂದರು ಇವರು. "ನಾನು ಓದೋದು ನಿಧಾನ. ಅಷ್ಟರಲ್ಲಿ ನೀವು ಈ ಗಿರಾಕಿಗಳನ್ನ ನೋಡ್ತಿರಿ."

ನನ್ನ ಕಿವಿ ಕಾದ ಹಂಚಾಯಿತು. ಮಗ ಹೊತ್ತಿದ್ದ ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಬಸ್ಸಿಗೆ ಕಾಯುವವನ ಹಾಗೆ ರಸ್ತೆ ಕಡೆ ಮುಖ ಮಾಡಿ ನಿಂತ. ಹಿಂದಿದ್ದ ಗಿರಾಕಿ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಟ್ಟ. ಇವರ ಕತ್ತು ಕೆಂಪಾಗಿತ್ತು. ಹೊಸ ಬಿಲ್ಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರವಿ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು, ಜೋರಾಗಿಯೇ ಓದತೊಡಗಿದರು.